ಹುಂಜವೋ ಹ್ಯಾಟೆಯೋ?

ಗೋಪಾಲಸ್ವಾಮಿ ಬೆಟ್ಟದ ನೆತ್ತಿಯ ಮೇಲೆ ಮಂಜು ಇನ್ನೂ ಕೂತಿರುವಾಗಲೇ ಹಂಗಳದ ಆಸುಪಾಸಿನ ಹಳ್ಳಿಗಳಲ್ಲಿ ಮಂಕರಿಗಳು ಮೇಲೇಳುತ್ತವೆ. ರಾತ್ರಿಯಿಡೀ ಕೊಟ್ಟಿಗೆಯ ಮೂಲೆಯಲ್ಲಿ, ಮೇಲೊಂದು ಕಲ್ಲು ಹೇರಿಸಿಕೊಂಡು ಕವುಚಿ ಬಿದ್ದಿದ್ದ ಬಿದಿರಿನ ಮಂಕರಿಯನ್ನು ಮನೆಯ ಹಿರಿಯಾಕೆ ಎತ್ತಿದ್ದೇ ತಡ, ತಾಯಿಕೋಳಿ ಹೊರಗೆ ಬಂದು ಮೈ ಕೊಡವುತ್ತದೆ. ಹಿಂದೆಯೇ ಮರಿಗಳ ದಂಡು. ಒಂದು ಅಚ್ಚ ಹಳದಿ. ಒಂದು ಕಡುಗಪ್ಪು, ಹೊಟ್ಟೆ ಮಾತ್ರ ಬಿಳಿ. ಇನ್ನೊಂದೂ ಕಪ್ಪೇ, ಆದರೆ ನೆತ್ತಿಯ ಮೇಲೊಂದು ಬಿಳಿ ಮಚ್ಚೆ. ಒಂದರ ಬೆನ್ನಿನ ಮೇಲೆ ಅಳಿಲಿಗಿರುವಂಥ ಉದ್ದುದ್ದ ಗೆರೆ. ಮತ್ತೊಂದಕ್ಕೆ ಹುಟ್ಟಿದಾಗಿನಿಂದ ಕತ್ತಿನಲ್ಲಿ ಪುಕ್ಕವೇ ಇಲ್ಲ. ಹಿರಿಯಾಕೆ ಒಂದು ಹಿಡಿ ರಾಗಿ ನುಚ್ಚು ಎರಚುತ್ತಾಳೆ. ತಾಯಿ ಕೊಕ್ಕಿನಿಂದ ಕುಕ್ಕಿ ತೋರಿಸುತ್ತದೆ, ತಾನು ತಿನ್ನುವುದಿಲ್ಲ. ಮರಿಗಳು ಒಂದರ ಮೇಲೊಂದು ಬೀಳುತ್ತವೆ.

ಊರಿಗೆ ಬಂದ ನೆಂಟರ ಹುಡುಗ ಹಳದಿ ಮರಿಯನ್ನು ಅಂಗೈಗೆ ಎತ್ತಿಕೊಂಡು ಕೇಳುತ್ತಾನೆ: “ಅವ್ವಾ, ಇದು ಹುಂಜನಾ, ಯಾಟೆನಾ?”

“ಈಗ್ಲೇ ಯಾಕ ಮೊಗ ಆತ್ರ? ಮೂರ್ ತಿಂಗ್ಳು ತಡ್ಕ. ಅದೇ ಹೇಳ್ತದ.”

ಹುಡುಗನಿಗೆ ಅದು ಕುತೂಹಲ, ಆಕೆಗೆ ಅದು ಬದುಕಿನ ಲೆಕ್ಕ. ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯ ಹಿತ್ತಲಲ್ಲಿ ಹುಟ್ಟುವ ಪ್ರತಿ ಮರಿಯ ಹಣೆಬರಹವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಹ್ಯಾಟೆಯಾದರೆ ಮನೆಯಲ್ಲೇ ಉಳಿಯುತ್ತದೆ, ಮೊಟ್ಟೆ ಇಡುತ್ತದೆ, ಕಾವು ಕೂರುತ್ತದೆ, ಮುಂದಿನ ವರ್ಷ ಇಂಥದ್ದೇ ಇನ್ನೊಂದು ದಂಡನ್ನು ಕಟ್ಟಿಕೊಂಡು ತಿಪ್ಪೆ ಕೆದಕುತ್ತದೆ. ಹುಂಜವಾದರೆ ಯುಗಾದಿಯ ಮರುದಿನದ ವರ್ಷತೊಡಕಿಗೋ, ಮಾರಿಹಬ್ಬಕ್ಕೋ, ಪಿತೃಪಕ್ಷದ ಎಡೆಗೋ, ಇಲ್ಲವೇ ಸಂತೆಗೋ ಹೋಗಬೇಕು. ಹತ್ತಿಪ್ಪತ್ತು ಕೋಳಿಗೆ ಒಂದು ಹುಂಜ ಸಾಕು. ಎರಡಾದರೆ ಜಗಳ, ಮೂರಾದರೆ ರಕ್ತ. ಆಕೆಯ ಮಾತಿನಲ್ಲಿ ಹೇಳುವುದಾದರೆ, “ಹುಂಜ ಆದ್ರ ಹಬ್ಬಕ್ಕ, ಯಾಟೆ ಆದ್ರ ಮನಗ.”

ಆದ್ದರಿಂದ ಮೊಟ್ಟೆಯ ಕಾಲಕ್ಕೇ ಊಹೆ ಶುರುವಾಗುತ್ತದೆ. ಕಾವಿಗೆ ಕೂರಿಸುವ ದಿನ ಮೊಟ್ಟೆಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ಚೂಪಾದದ್ದು ಹುಂಜ, ಗುಂಡಗಿರುವುದು ಹ್ಯಾಟೆ ಎಂಬುದು ಒಂದು ನಂಬಿಕೆ. ದಾರಕ್ಕೆ ಉಂಗುರ ಕಟ್ಟಿ ಮೊಟ್ಟೆಯ ಮೇಲೆ ಇಳಿಬಿಟ್ಟು, ಅದು ಸುತ್ತಿದರೆ ಒಂದು, ತೂಗಿದರೆ ಇನ್ನೊಂದು ಎನ್ನುವುದು ಬೇರೆ ನಂಬಿಕೆ. ಇದು ನಮ್ಮ ಹಳ್ಳಿಗಳ ಸೊತ್ತು ಮಾತ್ರವಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಅರಿಸ್ಟಾಟಲ್ ಉದ್ದನೆಯ ಚೂಪು ಮೊಟ್ಟೆಯಲ್ಲಿ ಹೆಣ್ಣು, ಗುಂಡನೆಯದರಲ್ಲಿ ಗಂಡು ಎಂದು ಬರೆದಿಟ್ಟ. ರೋಮಿನ ಪ್ಲಿನಿ ಅದಕ್ಕೆ ಸರಿಯಾಗಿ ತದ್ವಿರುದ್ಧ ಹೇಳಿದ. ಇಬ್ಬರ ಮಾತೂ ಅರ್ಧ ಸಲ ನಿಜವಾಗುತ್ತದೆ, ಏಕೆಂದರೆ ಮೊಟ್ಟೆಗಳಲ್ಲಿ ಸುಮಾರು ಅರ್ಧ ಗಂಡು, ಅರ್ಧ ಹೆಣ್ಣು. ಅರ್ಧ ಸಲ ಗೆಲ್ಲುವ ಭವಿಷ್ಯಕ್ಕೆ ಯಾವ ಊರಲ್ಲೂ ಶಿಷ್ಯರು ಕಮ್ಮಿಯಿಲ್ಲ.

ಮಂಕರಿಯ ತಳಕ್ಕೆ ಮರಳು, ಅದರ ಮೇಲೆ ಹುಲ್ಲು, ಬೆಸ ಸಂಖ್ಯೆಯಲ್ಲಿ ಮೊಟ್ಟೆ, ಗುಡುಗಿನ ಹೊಡೆತ ತಾಗದಿರಲೆಂದು ಪಕ್ಕದಲ್ಲಿ ಒಂದು ಇದ್ದಲ ಚೂರು ಇಲ್ಲವೇ ಕಬ್ಬಿಣದ ತುಂಡು. ಅಲ್ಲಿಂದ 21 ದಿನ. ಬೇಸಿಗೆಯಲ್ಲಿ ಕೂರಿಸಿದರೆ ಹುಂಜವೇ ಜಾಸ್ತಿ ಎನ್ನುವವರೂ ಇದ್ದಾರೆ. ಮೊಸಳೆಗಳಲ್ಲಿ, ಅನೇಕ ಜಾತಿಯ ಆಮೆಗಳಲ್ಲಿ ಕಾವಿನ ಬಿಸಿ ಮರಿಯ ಲಿಂಗವನ್ನು ನಿರ್ಧರಿಸುವುದು ನಿಜ. ಕೋಳಿಯಲ್ಲಿ ಹಾಗಲ್ಲ. ಅಲ್ಲಿ ತೀರ್ಮಾನ ತಾಯಿಯ ಹೊಟ್ಟೆಯಲ್ಲೇ ಆಗಿಹೋಗಿರುತ್ತದೆ. ಮನುಷ್ಯರಲ್ಲಿ ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ನಿರ್ಧಾರವಾದರೆ ಕೋಳಿಯಲ್ಲಿ ತಾಯಿಯ ಕಡೆಯಿಂದ. ಹುಂಜಕ್ಕೆ ಎರಡು ‘ಝಡ್’ ವರ್ಣತಂತುಗಳು, ಹ್ಯಾಟೆಗೆ ಒಂದು ‘ಝಡ್’, ಒಂದು ‘ಡಬ್ಲ್ಯೂ’. ತಾಯಿ ‘ಝಡ್’ ಕೊಟ್ಟರೆ ಮಗ, ‘ಡಬ್ಲ್ಯೂ’ ಕೊಟ್ಟರೆ ಮಗಳು. ಹುಂಜವನ್ನು ಬದಲಾಯಿಸಿದರೆ ಹ್ಯಾಟೆಗಳು ಹೆಚ್ಚಾಗುತ್ತವೆ ಎಂದು ಪಕ್ಕದೂರಿನಿಂದ ಬೇರೆ ಹುಂಜ ತರುವವರಿಗೆ ಇದರಿಂದ ಪ್ರಯೋಜನವಿಲ್ಲ.

ಬೇರೆ ಹುಂಜ ತಂದರೆ ಬದಲಾಗುವುದು ಬಣ್ಣ. ಈ ಸೀಮೆಯ ಹಿತ್ತಲುಗಳಲ್ಲಿ ಎಷ್ಟೆಷ್ಟು ಕುಲ ಬೆರೆತಿದೆ ಎಂಬುದನ್ನು ಮರಿಗಳ ಮೈಮೇಲೆಯೇ ಓದಬಹುದು. ತಳದಲ್ಲಿರುವುದು ನಾಟಿ. ವರ್ಷಕ್ಕೆ ಸುಮಾರು 60 ಮೊಟ್ಟೆ ಇಟ್ಟು, ಕಾವು ಕೂತು, ಹದ್ದು ಬಂದರೆ ಎದೆಯೊಡ್ಡಿ ನಿಲ್ಲುವ ಚಿಕ್ಕ ಮೈಯ ಕೋಳಿ. ಅದರ ಮೇಲೆ ಗಿರಿರಾಜ ಬಂತು. ಬೆಂಗಳೂರಿನ ಹೆಬ್ಬಾಳದಲ್ಲಿ, ಆಗ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿದ್ದ ಪಶುವೈದ್ಯಕೀಯ ಕಾಲೇಜು 1989ರಲ್ಲಿ ಹೊರತಂದ ಈ ತಳಿ ಹಿತ್ತಲಿಗೆಂದೇ ರೂಪುಗೊಂಡದ್ದು. ಮೈತುಂಬ ಮಾಂಸ, ವರ್ಷಕ್ಕೆ 130ರಿಂದ 150 ಮೊಟ್ಟೆ, ಬಣ್ಣಬಣ್ಣದ ಪುಕ್ಕ. ಆ ಬಣ್ಣವೂ ಸುಮ್ಮನೆ ಬಂದದ್ದಲ್ಲ. ಬಿಳಿ ಕೋಳಿ ಬಯಲಲ್ಲಿ ಮೇಯುತ್ತಿದ್ದರೆ ಗಿಡುಗನಿಗೆ ದೂರದಿಂದಲೇ ಕಾಣುತ್ತದೆ, ಕಂದು ಚುಕ್ಕೆಯದು ಬೇಲಿಯ ನೆರಳಲ್ಲಿ ಮರೆಯಾಗುತ್ತದೆ. 2005ರಲ್ಲಿ ಅದೇ ಹೆಬ್ಬಾಳದಿಂದ ಸ್ವರ್ಣಧಾರ ಬಂತು. ಹೈದರಾಬಾದಿನಿಂದ ವನರಾಜ, ಗ್ರಾಮಪ್ರಿಯ ಬಂದವು. ಇವು ಸರ್ಕಾರಿ ಯೋಜನೆಗಳಲ್ಲಿ, ಹ್ಯಾಚರಿಗಳಿಂದ, ನೆಂಟರ ಮನೆಯಿಂದ ಬುಟ್ಟಿಗಳಲ್ಲಿ ಬಂದು ನಾಟಿಯ ಜೊತೆ ಬೆರೆತವು. ಗಿರಿರಾಜದ ಹ್ಯಾಟೆ ಕಾವು ಕೂರುವುದು ಕಷ್ಟ. ಹಾಗಾಗಿ ಅದರ ಮೊಟ್ಟೆಯನ್ನು ನಾಟಿಯ ಹೊಟ್ಟೆಯಡಿ ಇಟ್ಟು ಮರಿ ಮಾಡಿಸುವುದು ಇಲ್ಲಿ ರೂಢಿ. ಇದರಿಂದ ಮಂಕರಿಯೊಳಗಿನ ಮರಿಗೆ ಹೆತ್ತ ತಾಯಿ ಒಂದು, ಹೊತ್ತ ತಾಯಿ ಇನ್ನೊಂದು. ತಂದೆ ಯಾರೆಂಬುದು ಬೀದಿಗೇ ಗೊತ್ತು.

ತಮಿಳುನಾಡಿನ ಗಡಿಯ ಕಡೆಯಿಂದ ಜೂಜಿನ ಹುಂಜದ ರಕ್ತವೂ ಅಷ್ಟಿಷ್ಟು ನುಸುಳಿದೆ. ಎತ್ತರದ ಕಾಲು, ನೆಟ್ಟಗೆ ನಿಲ್ಲುವ ಮೈ, ಅಂಟಿಕೊಂಡಂತಿರುವ ಕಿರುಜುಟ್ಟು ಅದರ ಗುರುತು. ಕೋಳಿ ಕಾಳಗ ಕಾನೂನಿನ ಪ್ರಕಾರ ಅಪರಾಧ. ಆದರೆ ಆ ತಳಿಯ ಮೈಕಟ್ಟು ಮಾತ್ರ ಹಿತ್ತಲುಗಳಲ್ಲಿ ಉಳಿದುಕೊಂಡಿದೆ.

ಇನ್ನೊಂದು ದಾರಿಯೂ ಉಂಟು. ಹಳ್ಳಿಯ ಬೀದಿಯಲ್ಲಿ ಮೊಪೆಡ್ಡಿನ ಹಿಂದೆ ಅಗಲದ ಬುಟ್ಟಿ ಕಟ್ಟಿಕೊಂಡು ಬರುವ ಮರಿ ಮಾರುವವನು. ಬುಟ್ಟಿಯ ಬಲೆಯೊಳಗೆ ಗುಲಾಬಿ, ಹಸಿರು, ನೀಲಿ, ಕಿತ್ತಳೆ ಬಣ್ಣದ ಮರಿಗಳು ಒತ್ತಾಗಿ ತುಂಬಿ ಚಿಲಿಪಿಲಿ ಎನ್ನುತ್ತಿರುತ್ತವೆ. ಮಕ್ಕಳು ಹಿಂದೆ ಓಡುತ್ತವೆ. ಯಾವ ಬಣ್ಣದ ಮರಿ ಯಾವ ಬಣ್ಣದ ಕೋಳಿಯಾಗುತ್ತದೆ ಎಂಬ ಚರ್ಚೆ ಜಗಲಿಯ ಮೇಲೆ ನಡೆಯುತ್ತದೆ. ಉತ್ತರ ಒಂದೇ: ಹೆಚ್ಚಾಗಿ ಎಲ್ಲವೂ ಬಿಳಿ, ಎಲ್ಲವೂ ಹುಂಜ. ಮೊಟ್ಟೆ ತಳಿಯ ಹ್ಯಾಚರಿಗಳಲ್ಲಿ ಗಂಡು ಮರಿಗೆ ಕೆಲಸವಿಲ್ಲ. ಅದು ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಬೇಗ ಮೈ ತುಂಬಿಕೊಳ್ಳುವುದಿಲ್ಲ. ಮೊದಲ ದಿನವೇ ಬೇರ್ಪಡಿಸಿ, ಕಾಸಿಗೆ ಸಿಕ್ಕಷ್ಟಕ್ಕೆ ಮಾರಿದ ಆ ಮರಿಗಳೇ ಬಣ್ಣದ ನೀರಿನಲ್ಲಿ ಅದ್ದಿಸಿಕೊಂಡು ಊರೂರು ಸುತ್ತುತ್ತವೆ. ಎರಡು ಮೂರು ವಾರದಲ್ಲಿ ನಿಜವಾದ ಗರಿ ಮೂಡುತ್ತಾ ಗುಲಾಬಿ ಉದುರುತ್ತದೆ, ಒಳಗಿನಿಂದ ಬಿಳಿ ಬರುತ್ತದೆ. ಬಹುಪಾಲು ಮರಿಗಳು ಅಷ್ಟು ದಿನ ಬದುಕುವುದೂ ಇಲ್ಲ. ಎಲ್ಲೋ ಒಂದು ಬದುಕಿ, ದೊಡ್ಡ ಕೆಂಪು ಜುಟ್ಟಿನ ಬಿಳಿ ಹುಂಜವಾಗಿ ತಿಪ್ಪೆಯ ಮೇಲೆ ನಿಂತು ಕೂಗಿದರೆ, ಮುಂದಿನ ವರ್ಷ ಆ ಬೀದಿಯಲ್ಲಿ ಕಪ್ಪು ಚುಕ್ಕೆಯ ಹಳದಿ ಮರಿಗಳು ಕಾಣಿಸಿಕೊಳ್ಳುತ್ತವೆ. ಬೆಳೆದಾಗ ಅವು ಬಿಳಿ. ಹುಂಜಗಳಲ್ಲಿ ಮಾತ್ರ ಹೆಗಲಿನ ಬಳಿ, ಬೆನ್ನಿನ ಮೇಲೆ ಕೆಂಪು ಇಣುಕುತ್ತದೆ. ಬಿಳಿ ಬಣ್ಣದ ಆ ಗುಣ ಕಪ್ಪನ್ನು ಗಟ್ಟಿಯಾಗಿ ಅದುಮುತ್ತದೆ, ಕೆಂಪನ್ನು ಅಷ್ಟಾಗಿ ಅದುಮಲಾರದು.

ಮರಿಯ ತುಪ್ಪುಳ ನೋಡಿ ಬೆಳೆದ ಬಣ್ಣ ಹೇಳುವುದಕ್ಕೆ ಹೀಗೆ ಕೆಲವು ಸುಳುಹುಗಳಿವೆ. ಕಪ್ಪು ಮೈ, ಬಿಳಿ ಹೊಟ್ಟೆಯ ಮರಿ ಬೆಳೆದು ಕಪ್ಪು ಕೋಳಿಯೇ ಆಗುತ್ತದೆ. ಹೊಟ್ಟೆಯ ಬಿಳಿ ಕಂಡು “ಇದು ಮಚ್ಚೆ ಕೋಳಿ ಆಯ್ತದ” ಎನ್ನುವವರು ಸೋಲುತ್ತಾರೆ. ಆ ಬಿಳಿ ತುಪ್ಪುಳದ ಜೊತೆಗೇ ಉದುರಿಹೋಗುತ್ತದೆ. ಹಳದಿ ಮರಿ ಬಿಳಿಯೂ ಆಗಬಹುದು, ಗೋದಿ ಬಣ್ಣವೂ ಆಗಬಹುದು. ರೆಕ್ಕೆಯ ತುದಿಯಲ್ಲಿ ಮೂಡುವ ಮೊದಲ ಗರಿಗಳನ್ನು ನೋಡುವವರೆಗೆ ಬಾಯಿ ಬಿಡಬಾರದು. ನೆತ್ತಿಯಲ್ಲಿ ಬಿಳಿ ಮಚ್ಚೆಯ ಕಪ್ಪು ಮರಿಗೆ ಬೆಳೆದಾಗ ಬೂದಿ ಬಿಳುಪಿನ ಅಡ್ಡಪಟ್ಟೆ ಬರುತ್ತದೆ. ಬೆನ್ನಿನ ಮೇಲೆ ಗೆರೆಯಿರುವ ಮರಿಯದು ಎಲ್ಲಕ್ಕಿಂತ ಹಳೆಯ ಬಣ್ಣ. ಕಾಡಿನ ಕೆಂಪುಕೋಳಿಯಿಂದ ಇಳಿದು ಬಂದದ್ದು. ಅದು ಹ್ಯಾಟೆಯಾದರೆ ಕಂದು ಬೆನ್ನು, ಮಾಸಲು ಕಿತ್ತಳೆ ಎದೆ. ಹುಂಜವಾದರೆ ಕಪ್ಪೆದೆ, ಕೆಂಪು ಬೆನ್ನು, ಬಂಗಾರದ ಕತ್ತು. ಬರಿಗತ್ತಿನ ಗುಣ ಗಂಡಿಗೂ ಬರುತ್ತದೆ, ಹೆಣ್ಣಿಗೂ ಬರುತ್ತದೆ. ಅದರಿಂದ ಲಿಂಗ ತಿಳಿಯುವುದಿಲ್ಲ.

ಈ ಗೆರೆಯ ಮರಿಯ ಕಣ್ಣನ್ನು ಹತ್ತಿರದಿಂದ ನೋಡಬೇಕು. ಕಣ್ಣಿನ ಹಿಂಬದಿಯಿಂದ ಕಿವಿಯ ಕಡೆಗೆ ಒಂದು ಕಪ್ಪು ಗೆರೆ ಹೋಗಿರುತ್ತದೆ. ಹೆಣ್ಣಿನಲ್ಲಿ ಆ ಗೆರೆ ಕಾಡಿಗೆ ಕಡ್ಡಿಯಲ್ಲಿ ಎಳೆದಷ್ಟು ಸ್ಪಷ್ಟ, ಬೆನ್ನಿನ ಪಟ್ಟೆಯ ಅಂಚೂ ಖಚಿತ. ಗಂಡಿನಲ್ಲಿ ಎರಡೂ ಮಸುಕು, ಅಂಚು ಕದಡಿಕೊಂಡಿರುತ್ತದೆ. ಶುದ್ಧ ಕಾಡುಬಣ್ಣದ ತಳಿಯಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಬೆರಕೆಯಲ್ಲಿ ಎಷ್ಟೋ ಸಲ ಮರಿ ನಡುವೆ ಎಲ್ಲೋ ನಿಂತು ನೋಡುವವರನ್ನು ಗೊಂದಲಕ್ಕೆ ಕೆಡವುತ್ತದೆ.

ಹುಟ್ಟಿದ ದಿನವೇ ಲಿಂಗ ಹೇಳುವ ವಿದ್ಯೆ ಪ್ರಪಂಚದಲ್ಲಿ ಇಲ್ಲವೆಂದಲ್ಲ. ಜಪಾನಿನ ಮಸುಯಿ ಮತ್ತು ಹಶಿಮೊಟೊ 1920ರ ದಶಕದಲ್ಲಿ ಮರಿಯ ಮಲದ್ವಾರವನ್ನು ಮೆಲ್ಲನೆ ಬಿಡಿಸಿ, ಒಳಗಿನ ಸಾಸಿವೆಗಿಂತ ಚಿಕ್ಕ ಉಬ್ಬನ್ನು ನೋಡಿ ಗಂಡು ಹೆಣ್ಣು ಬೇರ್ಪಡಿಸುವ ರೀತಿಯನ್ನು ರೂಪಿಸಿದರು. ವರ್ಷಗಟ್ಟಲೆ ಕೈ ಪಳಗಿದವರಿಗೆ ಮಾತ್ರ ಒಲಿಯುವ ಕಸುಬು ಅದು. ಪಳಗದವರು ಹಿತ್ತಲಲ್ಲಿ ಮಾಡಹೋದರೆ ಮರಿಯ ಕರುಳಿಗೆ ಪೆಟ್ಟಾಗುತ್ತದೆ.

ಇನ್ನೊಂದು ದಾರಿ ಬಣ್ಣದ್ದೇ. ಅಡ್ಡಪಟ್ಟೆಯ ಗುಣ ‘ಝಡ್’ ವರ್ಣತಂತುವಿನ ಮೇಲೆ ಕೂತಿದೆ ಎಂದು 1908ರಲ್ಲಿ ಅಮೆರಿಕದ ವಿಲಿಯಂ ಸ್ಪಿಲ್‌ಮನ್ ತೋರಿಸಿದ. ಅಲ್ಲಿಂದ ಒಂದು ಸರಳ ಲೆಕ್ಕ ಹುಟ್ಟಿತು. ತಾಯಿ ಪಟ್ಟೆಯದು, ತಂದೆ ಪಟ್ಟೆಯಿಲ್ಲದ ಕೆಂಪು ಅಥವಾ ಕಪ್ಪು ಹುಂಜ ಎಂದುಕೊಳ್ಳೋಣ. ತಾಯಿಯ ಒಂದೇ ಒಂದು ‘ಝಡ್’ ಗಂಡುಮಕ್ಕಳಿಗಷ್ಟೇ ಹೋಗುತ್ತದೆ. ಆದ್ದರಿಂದ ಪಟ್ಟೆಯೂ ಅವಕ್ಕಷ್ಟೇ. ಹುಟ್ಟಿದ ದಿನ ನೆತ್ತಿಯಲ್ಲಿ ಬಿಳಿ ಮಚ್ಚೆಯಿರುವ ಕಪ್ಪು ಮರಿಗಳೆಲ್ಲ ಹುಂಜ, ಮಚ್ಚೆಯಿಲ್ಲದವೆಲ್ಲ ಹ್ಯಾಟೆ. ಬಂಗಾರದ ಬಣ್ಣದ ಹುಂಜ, ಬೆಳ್ಳಿ ಬಣ್ಣದ ಹ್ಯಾಟೆಯಾದರೂ ಹೀಗೆಯೇ: ಗಂಡು ಮರಿ ತಿಳಿಹಳದಿ, ಹೆಣ್ಣು ಮರಿ ಕೆಂಗಂದು. ಕಂದು ಮೊಟ್ಟೆಯ ಫಾರಂ ಕೋಳಿಗಳಲ್ಲಿ ಮೊದಲ ದಿನವೇ ಬೇರ್ಪಡಿಸುವುದು ಬಹುತೇಕ ಈ ಲೆಕ್ಕದಿಂದ. ಕೇಂಬ್ರಿಜ್‌ನಲ್ಲಿ ಪನ್ನೆಟ್ ಮತ್ತು ಪೀಸ್ 1929ರ ಹೊತ್ತಿಗೆ ಇನ್ನೂ ಒಂದು ಹೆಜ್ಜೆ ಹೋಗಿ, ತಳಿಯೊಳಗೇ ಗಂಡು ಮರಿ ತಿಳಿ, ಹೆಣ್ಣು ಮರಿ ಗಾಢ ಎಂದು ಕಾಣುವ ಕೋಳಿಯನ್ನೇ ಬೆಳೆಸಿದರು.

ಆದರೆ ತಾಯಿ ತಂದೆಯರನ್ನು ಅದಲು ಬದಲು ಮಾಡಿ ನೋಡಿ. ಹುಂಜ ಪಟ್ಟೆಯದು, ಹ್ಯಾಟೆ ಪಟ್ಟೆಯಿಲ್ಲದ್ದು. ಆಗ ಮಕ್ಕಳಿಗೆಲ್ಲ ಪಟ್ಟೆ ಬರುತ್ತದೆ, ನೆತ್ತಿಯ ಮಚ್ಚೆ ಏನನ್ನೂ ಹೇಳುವುದಿಲ್ಲ. ಆ ಮಕ್ಕಳು ಪರಸ್ಪರ ಬೆರೆತ ಮುಂದಿನ ತಲೆಮಾರಿನಲ್ಲಿ ಪಟ್ಟೆಯಿರುವುದು, ಇಲ್ಲದಿರುವುದು ಚೆಲ್ಲಾಪಿಲ್ಲಿ. ಗುಂಡ್ಲುಪೇಟೆಯ ಹಿತ್ತಲಲ್ಲಿರುವುದು ಅಂಥ ಎಷ್ಟೋ ತಲೆಮಾರುಗಳ ಚೆಲ್ಲಾಪಿಲ್ಲಿ. ಅಲ್ಲಿ ಪಟ್ಟೆಯ ಹ್ಯಾಟೆಯಿದ್ದರೂ ಅದಕ್ಕೆ ಏರಿದ್ದು ಮನೆಯ ಕೆಂಪು ಹುಂಜವೋ, ಪಕ್ಕದ ಮನೆಯ ಪಟ್ಟೆ ಹುಂಜವೋ ಹೇಳುವವರು ಯಾರು? ಸೂತ್ರ ತಪ್ಪಲ್ಲ. ಸೂತ್ರಕ್ಕೆ ಬೇಕಾದ ವಂಶಾವಳಿ ಹಿತ್ತಲಲ್ಲಿ ಇಲ್ಲ, ಅಷ್ಟೆ.

ಹಾಗಾಗಿ ಹಿರಿಯಾಕೆಯ “ಮೂರ್ ತಿಂಗ್ಳು ತಡ್ಕ” ಎಂಬ ಮಾತು ಸೋಮಾರಿತನದ್ದಲ್ಲ. ಆ ಮೂರು ತಿಂಗಳಲ್ಲಿ ಆಕೆ ಸುಮ್ಮನೆ ಕೂತಿರುವುದೂ ಇಲ್ಲ. ಅರಿಶಿನದ ಹೊಲಕ್ಕೆ, ಸಾಂಬಾರ್ ಈರುಳ್ಳಿ ಕೀಳಲು ಹೋಗಿ ಬಂದ ಸಂಜೆ, ಮಂಕರಿ ಮುಚ್ಚುವ ಮುನ್ನ ಮರಿಗಳನ್ನು ಎಣಿಸುವ ಹೊತ್ತಿನಲ್ಲಿ ಆಕೆಯ ಕಣ್ಣು ಕೆಲಸ ಮಾಡುತ್ತಿರುತ್ತದೆ.

ಮೂರನೇ ವಾರದಿಂದ ಐದನೇ ವಾರದ ನಡುವೆ ಬಾಲ ನೋಡುತ್ತಾಳೆ. ಗಿರಿರಾಜದ ರಕ್ತವಿರುವ ದಪ್ಪ ಮೈಯ ಮರಿಗಳಲ್ಲಿ ಹೆಣ್ಣಿಗೆ ಬೇಗ ಗರಿ ಬರುತ್ತದೆ. ಪುಟ್ಟ ಬಾಲ, ಮುಚ್ಚಿದ ಬೆನ್ನು. ಗಂಡು ಮರಿ ಆಗಿನ್ನೂ ಬೆನ್ನು ಬರಿದು ಮಾಡಿಕೊಂಡು, ಬಾಲವಿಲ್ಲದೆ, ಉದ್ದ ಕಾಲಿನ ಮೇಲೆ ಓಲಾಡುತ್ತಿರುತ್ತದೆ. ಗೆರೆಯ ಮರಿಯಾಗಿದ್ದರೆ ಈಗಲೇ ಎದೆಯಲ್ಲಿ ಗುಟ್ಟು ಬಯಲಾಗುತ್ತದೆ. ಎದೆಯಲ್ಲಿ ಕಪ್ಪು ಗರಿ ಮೂಡತೊಡಗಿದರೆ ಹುಂಜ, ಕಿತ್ತಳೆ ಕಂದು ಮೂಡಿದರೆ ಹ್ಯಾಟೆ.

ಆರನೇ ವಾರಕ್ಕೆ ಜುಟ್ಟು. ಒಂದೇ ವಯಸ್ಸಿನ ಮರಿಗಳನ್ನು ಪಕ್ಕಪಕ್ಕ ಹಿಡಿದಾಗ ಒಂದರ ಜುಟ್ಟು ಎತ್ತರವಾಗಿ, ಕೆಂಪಾಗಿ, ಗದ್ದದ ಕೆಳಗೆ ಜೋಲು ಇಳಿಯತೊಡಗಿರುತ್ತದೆ. ಇನ್ನೊಂದರದ್ದು ಇನ್ನೂ ಹಳದಿ ಮಿಶ್ರಿತ ಬಿಳಿ ಗುಲಾಬಿ. ಕೆಂಪಾದದ್ದು ಹುಂಜ. ಆದರೆ ಜೂಜಿನ ಹುಂಜದ ಕಿರುಜುಟ್ಟು ಬಂದಿರುವ ಮರಿಗಳಲ್ಲಿ ಈ ಗುರುತು ಮೋಸ ಮಾಡುತ್ತದೆ. ಅಲ್ಲಿ ಗಂಡಿಗೂ ಜುಟ್ಟು ಮೇಲೇಳುವುದಿಲ್ಲ. ಅದರ ಬಣ್ಣವನ್ನು ಮಾತ್ರ ನಂಬಬಹುದು, ಎತ್ತರವನ್ನಲ್ಲ. ಬೇಗ ಬಲಿಯುವ ಮೊಟ್ಟೆ ತಳಿಯ ಬೆರಕೆಯಲ್ಲಿ ಹ್ಯಾಟೆಗೂ ಬೇಗ ಜುಟ್ಟು ಕೆಂಪಾಗಿ ಕಾಣುವುದುಂಟು. ಕಾಲಿನ ಗಾತ್ರ ಒಂದು ಒತ್ತಾಸೆ: ಹುಂಜದ ಕಾಲು ದಪ್ಪ, ಪಾದ ಅಗಲ. ಕಾಲಿನ ಮುಳ್ಳನ್ನು ಮಾತ್ರ ಈ ವಯಸ್ಸಿನಲ್ಲಿ ಲೆಕ್ಕಕ್ಕೆ ಹಿಡಿಯಬಾರದು. ಗುಬುಟು ಇಬ್ಬರಿಗೂ ಇರುತ್ತದೆ.

ಕೊನೆಯ ಸಾಕ್ಷಿ ಗರಿ. ಹತ್ತು ಹನ್ನೆರಡು ವಾರದ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು, ಬಾಲದ ಬುಡದಲ್ಲಿ ಸೊಂಟದ ಎರಡೂ ಬದಿಯ ಗರಿಗಳನ್ನು ಬೆರಳಿನಿಂದ ಎತ್ತಿ ನೋಡಬೇಕು. ತುದಿ ಚೂಪಾಗಿ, ಉದ್ದವಾಗಿ, ಬಿಸಿಲಿಗೆ ಹೊಳೆಯುತ್ತಾ ಕೆಳಗೆ ಇಳಿಬಿದ್ದಿದ್ದರೆ ಹುಂಜ. ತುದಿ ದುಂಡಗೆ, ಮೈಗೆ ಅಂಟಿಕೊಂಡಿದ್ದರೆ ಹ್ಯಾಟೆ. ಕತ್ತಿನ ಗರಿಯಲ್ಲೂ ಇದೇ ಭೇದ. ಕಪ್ಪು ಕೋಳಿಯಾಗಲಿ, ಬಿಳಿಯಾಗಲಿ, ಪಟ್ಟೆಯದಾಗಲಿ, ಕಿರುಜುಟ್ಟಿನದಾಗಲಿ, ಈ ಗುರುತು ಎಲ್ಲಕ್ಕೂ ಹೊಂದುತ್ತದೆ. ಇದಕ್ಕೊಂದು ಕಾರಣವಿದೆ. ಕೋಳಿಯಲ್ಲಿ ಹುಂಜದ ಗರಿಯೇ ಮೂಲ ಗುಣ. ಹೆಣ್ಣಿನ ಅಂಡಾಶಯ ಸುರಿಸುವ ರಸ ಅದನ್ನು ತಡೆದು ದುಂಡು ಗರಿ ಬರುವಂತೆ ಮಾಡುತ್ತದೆ. ಅಂಡಾಶಯ ತನ್ನ ಕೆಲಸ ಶುರುಮಾಡಿದೆಯೇ ಇಲ್ಲವೇ ಎಂಬುದನ್ನು ಸೊಂಟದ ಗರಿಯ ತುದಿ ಬರೆದು ತೋರಿಸುತ್ತದೆ. ಬಣ್ಣ ಹೇಳುವುದು ಕುಲವನ್ನು, ಲಿಂಗವನ್ನು ಹೇಳುವುದು ಗರಿಯ ತುದಿ.

ಊರಿನಲ್ಲಿ ಯಾವಾಗಲಾದರೊಮ್ಮೆ ಹ್ಯಾಟೆಯೊಂದು ಕತ್ತು ಚಾಚಿ ಹುಂಜದ ದನಿಯಲ್ಲಿ ಕೂಗಿಬಿಡುತ್ತದೆ. ಹಿರಿಯರು ಬೆಚ್ಚುತ್ತಾರೆ. ಮನೆಗೆ ಕೇಡು ಎಂದು ಆ ದಿನವೇ ಅದರ ಕತೆ ಮುಗಿಸುವವರಿದ್ದಾರೆ. ಅದಕ್ಕೂ ಕಾರಣ ಇದೇ ಅಂಡಾಶಯ. ಕೋಳಿಗೆ ಕೆಲಸ ಮಾಡುವುದು ಎಡಗಡೆಯ ಒಂದೇ ಅಂಡಾಶಯ. ಕಾಯಿಲೆಯಿಂದಲೋ ಮುಪ್ಪಿನಿಂದಲೋ ಅದು ಕೆಟ್ಟರೆ ತಡೆಯಿದ್ದದ್ದು ಹೋಗುತ್ತದೆ. ಜುಟ್ಟು ಬೆಳೆಯುತ್ತದೆ, ಮುಂದಿನ ಸಲ ಪುಕ್ಕ ಉದುರಿ ಹೊಸದು ಬರುವಾಗ ಹುಂಜದ ಗರಿ ಬರುತ್ತದೆ, ಕೂಗೂ ಬರುತ್ತದೆ. ಕೇಡೇನಿದ್ದರೂ ಕೋಳಿಯ ಹೊಟ್ಟೆಯಲ್ಲಿ, ಮನೆಯಲ್ಲಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1474ರಲ್ಲಿ ಮೊಟ್ಟೆ ಇಟ್ಟ ‘ಹುಂಜ’ವನ್ನು ವಿಚಾರಣೆ ನಡೆಸಿ ಸುಟ್ಟುಹಾಕಿದ್ದರು. ಅದೂ ಇಂಥದ್ದೇ ಹ್ಯಾಟೆಯಾಗಿದ್ದಿರಬೇಕು.

ಇಷ್ಟೆಲ್ಲ ಪರೀಕ್ಷೆ ಒಂದೇ ಕಡೆ ನಡೆಯುವುದನ್ನು ನೋಡಬೇಕಾದರೆ ವಾರದ ಸಂತೆಗೆ ಹೋಗಬೇಕು. ತರಕಾರಿ ರಾಶಿ, ಎಲೆ ಅಡಿಕೆ, ಹಗ್ಗ ದಾಬುಗಳ ಸಾಲು ಮುಗಿದ ಅಂಚಿನಲ್ಲಿ ಕಾಲು ಕಟ್ಟಿದ ಕೋಳಿಗಳನ್ನು ಮುಂದಿಟ್ಟುಕೊಂಡು ಹೆಂಗಸರು ಕೂತಿರುತ್ತಾರೆ. ಕೊಳ್ಳುವವರು ಮೊದಲು ತೂಕ ನೋಡುತ್ತಾರೆ, ಎದೆಯ ಮೂಳೆಯ ಇಕ್ಕೆಲದಲ್ಲಿ ಬೆರಳಾಡಿಸುತ್ತಾರೆ, ಆಮೇಲೆ ಬಾಲದ ಬುಡಕ್ಕೆ ಊದುತ್ತಾರೆ. ಊದಿದ ಗಾಳಿಗೆ ಗರಿ ಎದ್ದು ತುದಿ ಕಾಣುತ್ತದೆ. ಅಷ್ಟು ಸಾಕು.

“ಇದು ಯಾಟೆನೇ ಅಂತ ಗ್ಯಾರಂಟಿನಾ ಅಕ್ಕ?”

“ಕತ್ತ ನೋಡು, ಬಾಲ ನೋಡು ಕನಪ್ಪ. ನನ್ ಬಾಯ್ನ ಯಾಕ ನೋಡೀಯ?”

ಒಬ್ಬರಿಗೆ ಅಚ್ಚ ಕಪ್ಪು ಹುಂಜವೇ ಬೇಕು, ಹರಕೆ ಹಾಗಿದೆ. ಇನ್ನೊಬ್ಬರಿಗೆ ಮೈಯಲ್ಲಿ ಒಂದು ಬಿಳಿ ಪುಕ್ಕವೂ ಇರಕೂಡದು. ಹರಕೆಯ ಹುಂಜಕ್ಕೆ ತೂಕದ ಬೆಲೆಯಲ್ಲ, ಬಣ್ಣದ ಬೆಲೆ. ಇಲ್ಲೂ ಬೆರಕೆ ಆಟವಾಡಿಸುತ್ತದೆ. ಮೂರು ತಿಂಗಳವರೆಗೆ ಇದ್ದಲಿನಂತಿದ್ದ ಹುಂಜ ನಾಲ್ಕನೇ ತಿಂಗಳಿಗೆ ಕತ್ತಿನಲ್ಲಿ, ಸೊಂಟದಲ್ಲಿ ಬಂಗಾರದ ಎಳೆ ಬಿಡತೊಡಗುತ್ತದೆ. ಹುಂಜದ ಮೈಯಲ್ಲಿ ಒಳಗಿರುವ ಕೆಂಪು ಹೊರಗೆ ಸೋರುವುದೇ ಆ ಚೂಪು ಗರಿಗಳಿಂದ. ಹರಕೆಗೆಂದು ಎಳೆಯ ಕಪ್ಪು ಹುಂಜ ಕೊಂಡು ಸಾಕಿದವರಿಗೆ ಹಬ್ಬದ ಹೊತ್ತಿಗೆ ಕೆಂಗತ್ತಿನ ಹುಂಜ ಕೈಗೆ ಬಂದಿರುತ್ತದೆ. ಅನುಭವಸ್ಥರು ಅದಕ್ಕೇ ಐದಾರು ತಿಂಗಳು ತುಂಬಿದ ಹುಂಜವನ್ನೇ ಆರಿಸುತ್ತಾರೆ.

ಸಂತೆಯ ಕೋಳಿಗಳ ಕಾಲುಗಳನ್ನೂ ಒಮ್ಮೆ ನೋಡಿ. ಕೆಲವು ಬೆಳ್ಳಗೆ, ಕೆಲವು ಕಪ್ಪಗೆ, ಬಹಳಷ್ಟು ಹಳದಿ. ಕೋಳಿಯ ಮೂಲ ಕಾಡಿನ ಕೆಂಪುಕೋಳಿ ಎಂಬುದು ಗೊತ್ತೇ ಇದೆ. ಆದರೆ ಈ ಹಳದಿ ತೊಗಲಿನ ಗುಣ ಅದರಿಂದ ಬಂದದ್ದಲ್ಲ, ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದದ್ದು ಎಂದು ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳ ತಂಡ 2008ರಲ್ಲಿ ಪ್ರಕಟಿಸಿತು. ಬಂಡೀಪುರದ ಅಂಚಿನಲ್ಲಿ ಬದುಕುವವರಿಗೆ ಆ ಬೂದು ಕಾಡುಕೋಳಿ ಹೊಸತಲ್ಲ. ಕತ್ತಿನ ಗರಿಗಳ ಮೇಲೆ ಮೇಣದ ಹನಿ ಇಟ್ಟಂಥ ಹಳದಿ ಬಿಳಿ ಚುಕ್ಕೆ ಹೊತ್ತ ಅದರ ಹುಂಜ ಊಟಿ ರಸ್ತೆಯ ಬದಿಯ ಬಿದಿರಿನಿಂದ ಬೆಳಗ್ಗೆ ಹೊರಬಂದು ಸೆಗಣಿ ಕೆದಕುವುದನ್ನು ಬಸ್ಸಿನ ಕಿಟಕಿಯಿಂದಲೂ ನೋಡಬಹುದು. ಅದನ್ನು ಹಿಡಿಯುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಪ್ರಪಂಚದ ಫಾರಂಗಳಲ್ಲಿರುವ ಹಳದಿ ಕಾಲಿನ ಕೋಳಿಗಳಿಗೆಲ್ಲ ಒಂದು ಕಡೆಯ ನೆಂಟಸ್ತನ ಈ ಘಟ್ಟದ ಕಾಡುಗಳ ಜೊತೆ ಇದೆ ಎಂಬುದು ಗುಂಡ್ಲುಪೇಟೆಯವರು ಹೇಳಿಕೊಳ್ಳಬಹುದಾದ ಮಾತು.

ಇತ್ತೀಚೆಗೆ ಪೇಟೆಯವರೂ ತೋಟದ ಮನೆಗೆ, ಮಹಡಿಯ ಮೇಲಿನ ಗೂಡಿಗೆ ಎಂದು ಬೆರಕೆ ನಾಟಿ ಮರಿಗಳನ್ನು ಕೇಳಿಕೊಂಡು ಈ ಹಳ್ಳಿಗಳಿಗೆ ಬರುತ್ತಾರೆ. “ಹ್ಯಾಟೆ ಮರಿಯೇ ಕೊಡಿ” ಎನ್ನುತ್ತಾರೆ. ಕಾಲು ಹಿಡಿದು ತಲೆಕೆಳಗು ಮಾಡಿದಾಗ ಒದ್ದಾಡಿದರೆ ಹುಂಜ, ಸುಮ್ಮನಿದ್ದರೆ ಹ್ಯಾಟೆ ಎಂದು ಆರಿಸಿಕೊಡುವ ಮಾರಾಟಗಾರರೂ ಇದ್ದಾರೆ. ಅದಕ್ಕೆ ಹೆಚ್ಚಿನ ಹಣ ಕೊಡುವ ಅಗತ್ಯವಿಲ್ಲ. ಮರಿಯ ತಾಯಿ ತಂದೆ ಇಬ್ಬರನ್ನೂ ಕಣ್ಣಾರೆ ತೋರಿಸಿದರೆ ಮಾತ್ರ ಬಣ್ಣದ ಲೆಕ್ಕವನ್ನು ನಂಬಿ. ಇಲ್ಲದಿದ್ದರೆ ಹತ್ತು ಮರಿ ಕೊಂಡರೆ ಐದು ಹುಂಜ ಎಂದೇ ಲೆಕ್ಕ ಹಾಕಿ. ಹ್ಯಾಟೆಯೇ ಬೇಕೆಂದರೆ ಮೂರು ತಿಂಗಳ ಕೋಳಿಯನ್ನು ಕೊಂಡು, ದುಡ್ಡು ಕೊಡುವ ಮೊದಲು ಅದರ ಬಾಲದ ಬುಡಕ್ಕೆ ಒಮ್ಮೆ ಊದಿ ನೋಡಿ.